ಹಳೇ ಗಾಡಿ ಇಟ್ಕೊಳ್ಳೋದಾ, ಹೊಸದು ತಗೊಳ್ಳೋದಾ? ಹಿಮದ ನಾಡಿನವರ ಲೆಕ್ಕ

ಹಳೇ ಟಿಲ್ಲರ್ ಕೊಟ್ಟು ಹೊಸದು ತರೋದಾ, ಇಲ್ಲ ಇದಕ್ಕೇ ಇನ್ನೊಂದು ಸಲ ಎಂಜಿನ್ ಕೆಲಸ ಮಾಡಿಸೋದಾ? ಮುಂಗಾರಿಗೆ ಮುಂಚೆ ನಮ್ಮ ಕಡೆ ಈ ಮಾತು ಬರದ ಜಗಲಿ ಇಲ್ಲ. ಕೆನಡಾ, ಅಲಾಸ್ಕಾ, ಫಿನ್‌ಲ್ಯಾಂಡಿನ ಉತ್ತರ ತುದಿಯಲ್ಲಿ ಹಿಮದ ಮೇಲೆ ಬದುಕು ಮಾಡೋ ಜನರೂ ಅರವತ್ತು ವರ್ಷದಿಂದ ಇದೇ ಲೆಕ್ಕ ಹಾಕ್ತಾ ಇದ್ದಾರೆ. ಅವರ ಗಾಡಿ ಬೇರೆ, ಅಷ್ಟೇ. ಅದರ ಹೆಸರು ಸ್ನೋಮೊಬೈಲ್. ಆಷಾಢದ ಮಳೆ ಹಿಡಿದು ಮನೇಲಿ ಕೂತಿದ್ದಾಗ ಇದರ ಚರಿತ್ರೆ ಓದ್ತಾ ಹೋದೆ. ಓದಿದಷ್ಟೂ ನಮ್ಮ ಶೆಡ್ಡೇ ಕಣ್ಣಮುಂದೆ ಬಂತು. ಇವತ್ತಿನ ಟಿಪ್ಪಣಿ ಅದರದ್ದು. ಸ್ವಲ್ಪ ಉದ್ದ ಇದೆ, ಪುರಸೊತ್ತಾಗಿ ಓದಿ.

ನೋಡದವರಿಗೆ ಮೊದಲು ಗಾಡಿ ಹೇಗಿರುತ್ತೆ ಅಂತ ಹೇಳಿಬಿಡ್ತೀನಿ. ಬೈಕಿನ ಹಾಗೆ ಸೀಟು, ಹ್ಯಾಂಡಲ್. ಮುಂದೆ ಚಕ್ರದ ಜಾಗದಲ್ಲಿ ಎರಡು ಸ್ಕೀ, ಅಂದರೆ ಜಾರುಪಟ್ಟಿ. ಹಿಂದೆ ಯುದ್ಧದ ಟ್ಯಾಂಕಿಗೆ ಇರೋ ತರದ ಅಗಲವಾದ ರಬ್ಬರ್ ಪಟ್ಟಾ. ಎಂಜಿನ್ನಿನ ಬಲ ಒಂದು ಬೆಲ್ಟ್ ಮೂಲಕ ಪಟ್ಟಾಕ್ಕೆ ಹೋಗುತ್ತೆ. ಸ್ಕೂಟಿಯಲ್ಲಿರೋ ಹಾಗೆ ಗೇರ್ ಹಾಕೋ ತಾಪತ್ರಯ ಇಲ್ಲ. ಹಿಂದೆ ಜಾರುಬಂಡಿ ಕಟ್ಟಿ ಸೌದೆ, ಮೀನು, ಮಾಂಸ, ಪೆಟ್ರೋಲ್ ಕ್ಯಾನು ಎಲ್ಲಾ ಎಳೀತಾರೆ. ದಕ್ಷಿಣದ ಪಟ್ಟಣದವರಿಗೆ ಇದು ವಾರಾಂತ್ಯದ ಮೋಜು. ಉತ್ತರದವರಿಗೆ ಇದೇ ಟಿಲ್ಲರ್, ಇದೇ ಟೆಂಪೋ, ಇದೇ ಆಂಬುಲೆನ್ಸ್.

ಆಂಬುಲೆನ್ಸ್ ಅಂದೆ. ಈ ಗಾಡಿಯ ಕಥೆ ಶುರುವಾಗೋದೂ ಅಲ್ಲಿಂದಲೇ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಅನ್ನೋ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅಂತ ಒಬ್ಬ ಗ್ಯಾರೇಜ್ ಮೆಕ್ಯಾನಿಕ್ ಇದ್ದ. ಹುಟ್ಟಿದ್ದು 1907ರಲ್ಲಿ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಈವೊನ್‌ಗೆ ಅಪೆಂಡಿಕ್ಸ್ ಒಡೀತು. ರಸ್ತೆಯೆಲ್ಲ ಹಿಮದಡಿ ಹೂತುಹೋಗಿತ್ತು. ಮಗುವನ್ನ ಆಸ್ಪತ್ರೆಗೆ ಸೇರಿಸೋಕೆ ಆಗಲಿಲ್ಲ, ಮಗು ಉಳೀಲಿಲ್ಲ. ಹಿಮದ ಮೇಲೆ ಓಡೋ ಗಾಡಿ ಮಾಡೋ ಹುಚ್ಚು ಅವನಿಗೆ ಮೊದಲೇ ಇತ್ತು. ಈ ಸಾವು ಆದಮೇಲೆ ಅದು ಹುಚ್ಚಾಗಿ ಉಳೀಲಿಲ್ಲ, ಹಟ ಆಯಿತು. 1937ರಲ್ಲಿ ಏಳು ಜನ ಕೂರೋ ಹಿಮದ ಗಾಡಿ ಮಾಡಿ ಮಾರೋಕೆ ಶುರುಮಾಡಿದ. ಡಾಕ್ಟರು, ಅಂಚೆಯವರು, ಪಾದ್ರಿಗಳು ಕೊಂಡರು.

ಹತ್ತು ವರ್ಷ ಆದಮೇಲೆ ಸರ್ಕಾರವೇ ಚಳಿಗಾಲದಲ್ಲಿ ಹಳ್ಳಿ ರಸ್ತೆಗಳ ಹಿಮ ತೆಗೆಸೋಕೆ ಶುರುಮಾಡಿತು. ಅವನ ದೊಡ್ಡ ಗಾಡಿಗಳ ವ್ಯಾಪಾರ ಬಿತ್ತು. ಆಗ ಅವನು ರಸ್ತೆಯೇ ಇಲ್ಲದ ಕಡೆಗೆ ಕಣ್ಣು ಹಾಯಿಸಿದ. ಒಬ್ಬಿಬ್ಬರು ಕೂರೋ ಚಿಕ್ಕ ಗಾಡಿ 1959ರಲ್ಲಿ ಬಂತು, ಹೆಸರು ಸ್ಕಿಡೂ. ನಾಯಿ ಎಳೆಯೋ ಬಂಡಿಗೆ ಬದಲಾಗಿ ಬಂದದ್ದರಿಂದ ಸ್ಕಿ-ಡಾಗ್ ಅಂತ ಇಡೋರಿದ್ದರು, ಆಮೇಲೆ ಸ್ಕಿಡೂ ಆಯಿತು ಅಂತ ಹೇಳ್ತಾರೆ. ಇವತ್ತಿಗೂ ಕೆನಡಾದ ಉತ್ತರದಲ್ಲಿ ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ಸ್ಕಿಡೂನೇ. ನಮ್ಮಲ್ಲಿ ಎಲ್ಲಾ ಮಣ್ಣು ತೆಗೆಯೋ ಯಂತ್ರವೂ ಜೆಸಿಬಿ ಆದ ಹಾಗೆ.

ಅದೇ ಹೊತ್ತಿಗೆ ಅಮೆರಿಕದ ಮಿನ್ನೆಸೋಟಾ ರಾಜ್ಯದ ರೋಸೋ ಅನ್ನೋ ಊರಲ್ಲಿ ಇನ್ನೊಂದು ಕಥೆ. ಎಡ್ಗರ್ ಹೆಟೀನ್, ಅವನ ತಮ್ಮ ಆಲನ್, ಡೇವಿಡ್ ಜಾನ್ಸನ್ ಸೇರಿ ಒಂದು ವರ್ಕ್‌ಶಾಪ್ ನಡೆಸ್ತಿದ್ದರು. ಅವರು ಮಾಡ್ತಿದ್ದದ್ದು ನಮ್ಮಂಥವರಿಗೆ ಬೇಕಾದ ಸಾಮಾನು, ಹುಲ್ಲು ಕತ್ತರಿಸೋ ಯಂತ್ರ ಇತ್ಯಾದಿ. 1950ರ ದಶಕದ ನಡುವಿನಲ್ಲಿ ಕೈಗೆ ಸಿಕ್ಕ ಸಾಮಾನಲ್ಲೇ ಒಂದು ಹಿಮದ ಗಾಡಿ ಕಟ್ಟಿದರು. ಅದೇ ಮುಂದೆ ಪೋಲಾರಿಸ್ ಕಂಪನಿ ಆಯಿತು. ಈ ಗಾಡಿ ನಂಬಬಹುದಾ ಅಂತ ಜನ ಕೇಳೋರು. ಅದಕ್ಕೆ ಎಡ್ಗರ್ 1960ರ ಮಾರ್ಚಿನಲ್ಲಿ ಅಲಾಸ್ಕಾದ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್ ತನಕ ಸಾವಿರ ಮೈಲಿಗೂ ಹೆಚ್ಚು ದೂರ ಹಿಮದ ಮೇಲೇ ಓಡಿಸಿಕೊಂಡು ಹೋದ. ಕಂಪನಿಯಲ್ಲಿ ಇದಕ್ಕೆ ಮೆಚ್ಚುಗೆ ಸಿಗಲಿಲ್ಲ. ಅವನು ಹೊರಗೆ ಬಂದು ಇನ್ನೊಂದು ಕಂಪನಿ ಕಟ್ಟಿದ, ಅದು ಆರ್ಕ್ಟಿಕ್ ಕ್ಯಾಟ್.

ಇಲ್ಲಿ ಒಂದು ವಿಷಯ ಗಮನಿಸಿ. ಇವತ್ತು ಯಾವುದನ್ನ ಅಲ್ಲಿನವರು "ನಂಬಿಕೆಯ ಹಳೇ ಗಾಡಿ" ಅಂತಾರೋ, ಅದು ಬಂದಾಗ ಅದೇ ಹೊಸದು. ಆಗ ನಂಬಿಕೆಯ ಹಳೇದು ಅಂದರೆ ನಾಯಿ ಮತ್ತು ಹಿಮಸಾರಂಗ. ನಾಯಿಗೆ ವರ್ಷವಿಡೀ ಹೊಟ್ಟೆಗೆ ಹಾಕಬೇಕು, ಬೇಸಿಗೆಯೆಲ್ಲ ಅದಕ್ಕಾಗಿ ಮೀನು ಹಿಡಿದು ಒಣಗಿಸಬೇಕು. ಗಾಡಿ ನಿಂತಾಗ ಏನೂ ತಿನ್ನಲ್ಲ. ಆದರೆ ನಾಯಿಗೆ ಮಂಜುಬಿರುಗಾಳಿಯಲ್ಲೂ ಮನೆ ದಾರಿ ಗೊತ್ತು. ತೆಳುವಾದ ಮಂಜುಗಡ್ಡೆ ಸಿಕ್ಕರೆ ನಿಂತುಬಿಡುತ್ತೆ. ಎತ್ತು ಮಾರಿ ಟಿಲ್ಲರ್ ತಂದ ಕಾಲದಲ್ಲಿ ನಮ್ಮ ಅಪ್ಪಂದಿರು ಆಡಿದ ಮಾತೂ ಹೆಚ್ಚೂಕಡಿಮೆ ಹೀಗೇ ಇತ್ತಲ್ಲ?

ಈ ಮೊದಲ ಬದಲಾವಣೆಯನ್ನ ಹತ್ತಿರದಿಂದ ನೋಡಿ ಬರೆದವರು ಪೆರ್ಟಿ ಪೆಲ್ಟೊ ಅನ್ನೋ ಮಾನವಶಾಸ್ತ್ರಜ್ಞರು. ಅವರ ಪುಸ್ತಕ 1973ರಲ್ಲಿ ಬಂತು, ಹೆಸರು "ದಿ ಸ್ನೋಮೊಬೈಲ್ ರೆವಲ್ಯೂಷನ್". ಫಿನ್‌ಲ್ಯಾಂಡಿನ ಉತ್ತರದಲ್ಲಿ ಸೆವೆಟ್ಟಿಯಾರ್ವಿ ಅನ್ನೋ ಕಡೆ ಸ್ಕೋಲ್ಟ್ ಸಾಮಿ ಅನ್ನೋ ಜನ ಇದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅವರ ಪೆಟ್ಸಾಮೊ ಪ್ರದೇಶ ಸೋವಿಯತ್ ರಷ್ಯಾಕ್ಕೆ ಹೋಯಿತು. ಆಮೇಲೆ ಅವರನ್ನ ಇಲ್ಲಿ ತಂದು ನೆಲೆ ಮಾಡಿಸಿದ್ದರು. ಹಿಮಸಾರಂಗ ಸಾಕೋದೇ ಅವರ ಕಸುಬು. ಅದೇ ಬಂಡಿ ಎಳೆಯೋದು, ಅದೇ ಮಾಂಸ, ಅದರ ಚರ್ಮವೇ ಬಟ್ಟೆ.

ಅಲ್ಲಿಗೆ ಮೊದಲ ಸ್ನೋಮೊಬೈಲ್ ಬಂದದ್ದು 1960ರ ದಶಕದ ಆರಂಭದಲ್ಲಿ. ತಂದದ್ದು ಒಬ್ಬ ಮೇಷ್ಟ್ರು. ಸಾರಂಗದ ಬಂಡಿಯಲ್ಲಿ ಅಂಗಡಿಗೆ ಹೋಗಿ ಬರೋಕೆ ಮೂರು ದಿನ ಬೇಕಿತ್ತು, ಗಾಡಿಯಲ್ಲಿ ಐದು ಗಂಟೆ. ಇಷ್ಟು ಕಂಡಮೇಲೆ ಯಾರು ತಡೀತಾರೆ? 1971ರ ಹೊತ್ತಿಗೆ ಎಪ್ಪತ್ತು ಚಿಲ್ಲರೆ ಮನೆಗಳಲ್ಲಿ ಹೆಚ್ಚೂಕಡಿಮೆ ಎಲ್ಲಾ ಕಡೆ ಗಾಡಿ ಬಂತು. ಆದರೆ ಗಾಡಿಗೆ, ಪೆಟ್ರೋಲಿಗೆ, ಬೆಲ್ಟಿಗೆ ಕೈಯಲ್ಲಿ ದುಡ್ಡು ಬೇಕು. ಸಾರಂಗ ಮಾರಿದರು. ಗಾಡಿಯ ಸದ್ದಿಗೆ, ಅಟ್ಟಿಸಿಕೊಂಡು ಹೋಗೋ ರಭಸಕ್ಕೆ ಹಿಂಡು ಬೆದರಿ ಮನುಷ್ಯರ ಹತ್ತಿರ ಬರೋದೇ ಬಿಡ್ತು. ಹತ್ತು ವರ್ಷದಲ್ಲಿ ಮನೆಗೆ ಸರಾಸರಿ 52 ಇದ್ದ ಸಾರಂಗ 12ಕ್ಕೆ ಇಳೀತು. ದೊಡ್ಡ ಹಿಂಡು ಇದ್ದವರು, ಬೇಗ ಗಾಡಿ ತಗೊಂಡವರು ನಿಂತರು. ಚಿಕ್ಕ ಹಿಂಡಿನವರು ಕಸುಬಿನಿಂದಲೇ ಹೊರಗೆ ಬಿದ್ದರು, ಆದರೂ ಅಂಗಡಿಗೆ, ಸೌದೆಗೆ ಗಾಡಿ ಬೇಕೇ ಬೇಕಾಗಿತ್ತು. ಪೆಟ್ರೋಲಿಲ್ಲದೆ ಬದುಕ್ತಿದ್ದ ಜನ ಒಂದೇ ದಶಕದಲ್ಲಿ ದೂರದ ಕಂಪನಿ, ದೂರದ ಪೆಟ್ರೋಲಿಗೆ ಕಟ್ಟುಬಿದ್ದರು.

ಇಷ್ಟೆಲ್ಲ ಆದಮೇಲೆ ಹಿಂದಕ್ಕೆ ಹೋಗೋ ದಾರಿ ಇರಲಿಲ್ಲ. ಉಳಿದದ್ದು ಒಂದೇ ಕೆಲಸ: ಗಾಡಿಯ ಮೇಲೆ ತಮ್ಮ ಹಿಡಿತ ಎಷ್ಟು ಉಳಿಸಿಕೊಳ್ಳಬಹುದು ಅಂತ ನೋಡೋದು. ಉತ್ತರದವರು ಹಳೇ ಮಾಡೆಲ್ಲಿಗೆ ಯಾಕೆ ಅಷ್ಟು ಅಂಟಿಕೊಳ್ತಾರೆ ಅನ್ನೋದು ಅರ್ಥ ಆಗಬೇಕಾದರೆ ಇದು ಗೊತ್ತಿರಬೇಕು.

ಈಗ ವ್ಯಾಪಾರದ ಕಡೆ ನೋಡಿ. 1960ರ ದಶಕದ ಕೊನೆಗೆ ಸ್ನೋಮೊಬೈಲ್ ಮಾಡೋ ಕಂಪನಿಗಳು ನೂರಕ್ಕೂ ಹೆಚ್ಚು ಹುಟ್ಟಿಕೊಂಡಿದ್ದವು. 1971ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ಒಂದೇ ವರ್ಷಕ್ಕೆ ಐದು ಲಕ್ಷದ ಹತ್ತಿರ ಗಾಡಿ ಮಾರಾಟ ಆಯಿತು. ಆಮೇಲೆ 1973ರ ತೈಲ ಬಿಕ್ಕಟ್ಟು, ಹಿಮ ಕಮ್ಮಿ ಬಿದ್ದ ವರ್ಷಗಳು, ಪೈಪೋಟಿ, ಎಲ್ಲಾ ಸೇರಿ ಹೆಚ್ಚಿನ ಕಂಪನಿಗಳು ಬಾಗಿಲು ಹಾಕಿದವು. ಗಾಡಿ ಕೊಂಡವರು ಅನಾಥರಾದರು. ಪಿಸ್ಟನ್ ಸಿಗಲ್ಲ, ಪಟ್ಟಾ ಸಿಗಲ್ಲ. ಅಲ್ಲಿಂದ ಅವರು ಕಲಿತ ಪಾಠ: ಊರಲ್ಲಿ ಹತ್ತು ಮನೆಯಲ್ಲಿ ಇರೋ ಮಾಡೆಲ್ಲನ್ನೇ ತಗೋ. ಎರಡು ಕೆಟ್ಟ ಗಾಡಿ ಸೇರಿಸಿ ಒಂದು ಓಡೋ ಗಾಡಿ ಮಾಡಿಕೊಳ್ಳಬಹುದು. ಉತ್ತರದ ಹಳ್ಳಿಗಳಲ್ಲಿ ಮನೆ ಹಿಂದೆ ಹಿಮದಲ್ಲಿ ಅರ್ಧ ಹೂತಿರೋ ಹಳೇ ಗಾಡಿ ಅಂದರೆ ಅದು ಗುಜರಿ ಅಲ್ಲ, ಸ್ಪೇರ್ ಪಾರ್ಟ್ಸ್ ಅಂಗಡಿ.

ಇಂಥ ಜನರ ಮೆಚ್ಚಿನ ಗಾಡಿಗಳಲ್ಲಿ ಒಂದು ಸ್ಕಿಡೂ ಎಲಾನ್. 1971ರಲ್ಲಿ ಬಂತು, 1996ರ ತನಕ ಹೆಚ್ಚು ಬದಲಾವಣೆ ಇಲ್ಲದೆ ತಯಾರಾಯಿತು. ಕಾಲು ಶತಮಾನ! ಇನ್ನೊಂದು ಯಮಹಾ ಬ್ರಾವೊ, 1982ರಲ್ಲಿ ಬಂದದ್ದು ಈ ಶತಮಾನ ಹುಟ್ಟಿದ ಮೇಲೂ ತಯಾರಾಗ್ತಿತ್ತು. ಭಾರ ಎಳೆಯೋಕೆ ಅಂತ 1980ರ ದಶಕದ ಕೊನೆಗೆ ಬಂದ ಯಮಹಾದ ವೀಕೆ 540 ಮೂವತ್ತು ವರ್ಷ ದಾಟಿಯೂ ನಡೀತು. ಈ ಮೂರಕ್ಕೂ ಇರೋದು ಟೂ ಸ್ಟ್ರೋಕ್ ಎಂಜಿನ್, ತಣ್ಣಗಾಗೋದು ಗಾಳಿಯಿಂದ.

ಟೂ ಸ್ಟ್ರೋಕ್ ಅಂದರೆ ನಮಗೇನೂ ಹೊಸದಲ್ಲ. ಹಳೇ ವೀಡ್ ಕಟರಿಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕ್ತೀವಲ್ಲ, ಅದೇ. ವಾಲ್ವ್ ಇಲ್ಲ, ಕೆಳಗೆ ಎಣ್ಣೆ ತೊಟ್ಟಿ ಇಲ್ಲ. ಓಡೋ ಭಾಗಗಳು ಕಮ್ಮಿ, ಅದಕ್ಕೇ ತೂಕ ಕಮ್ಮಿ. ಮೈನಸ್ 40 ಡಿಗ್ರಿಯಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಎಣ್ಣೆ ಹಳೇ ಜೇನುತುಪ್ಪದ ಹಾಗೆ ಗಟ್ಟಿಯಾಗಿ ಕೂತಿರುತ್ತೆ, ಬ್ಯಾಟರಿ ಅರ್ಧ ಸತ್ತಿರುತ್ತೆ. ಹಳೇ ಗಾಡಿಗೆ ಬ್ಯಾಟರಿಯೇ ಬೇಡ, ಹಗ್ಗ ಎಳೆದರೆ ಆಯಿತು. ಸ್ಟಾರ್ಟ್ ಆಗಲಿಲ್ಲವಾ? ನೋಡಬೇಕಾದ್ದು ಮೂರೇ: ಕಿಡಿ ಬರ್ತಿದೆಯಾ, ಪೆಟ್ರೋಲ್ ಬರ್ತಿದೆಯಾ, ಕಾರ್ಬುರೇಟರಿನಲ್ಲಿ ಕಸ ಇದೆಯಾ. ಜೇಬಲ್ಲಿ ಒಂದು ಪ್ಲಗ್, ಸೀಟಿನ ಕೆಳಗೆ ಒಂದು ಬೆಲ್ಟ್, ಒಂದು ಸ್ಪಾನರ್ ಇದ್ದರೆ ಹೆಚ್ಚಿನ ರಿಪೇರಿ ಅಲ್ಲೇ ಆಗುತ್ತೆ. ಹಿಮದಲ್ಲಿ ಹೂತರೆ ಒಬ್ಬನೇ ಹಿಂಭಾಗ ಎತ್ತಿ ಪಕ್ಕಕ್ಕಿಡಬಹುದು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಓದಿದಾಗ ನನಗೆ ಬಹಳ ಖುಷಿಯಾಯಿತು. ಹೊಸ ಗಾಡಿಗಳಲ್ಲಿ ಹೆಚ್ಚಿನವು ನೀರಿನಿಂದ ತಣ್ಣಗಾಗೋ ಎಂಜಿನ್. ಕಾರಿನ ಹಾಗೆ ಮುಂದೆ ದೊಡ್ಡ ರೇಡಿಯೇಟರ್ ಇಡೋ ಬದಲು ಪಟ್ಟಾದ ಮೇಲಿನ ಲೋಹದ ಹಾಳೆಯಲ್ಲೇ ಕೂಲಂಟ್ ಹರಿಯೋ ದಾರಿ ಮಾಡಿರ್ತಾರೆ. ಪಟ್ಟಾ ತಿರುಗುವಾಗ ಎರಚೋ ಹಿಮ ಅದಕ್ಕೆ ಬಡಿದು ತಣ್ಣಗೆ ಮಾಡುತ್ತೆ. ಅಂದರೆ ಸಡಿಲವಾದ ಹಿಮ ಬೇಕು. ಗಟ್ಟಿ ಮಂಜುಗಡ್ಡೆ ಕಟ್ಟಿದ ಕೆರೆಯ ಮೇಲೆ ಎರಚೋಕೆ ಹಿಮವೇ ಇರಲ್ಲ. ಮೈನಸ್ 30ರ ಚಳಿಯಲ್ಲೂ ಎಂಜಿನ್ ಕುದಿಯುತ್ತೆ! ಅದಕ್ಕೇ ಮಂಜುಗಡ್ಡೆ ಕೆರೆಯೋ ಕಡ್ಡಿಗಳನ್ನ ಗಾಡಿಗೆ ಕಟ್ಟಿಕೊಳ್ತಾರೆ. ಫ್ಯಾನ್ ಇರೋ ಹಳೇ ಗಾಡಿಗೆ ಈ ತಲೆನೋವಿಲ್ಲ. ನಿಧಾನಕ್ಕೆ ಭಾರ ಎಳೆದರೂ, ಗಡ್ಡೆಯ ಮೇಲೆ ಓಡಿದರೂ ಅದರ ಗಾಳಿ ಅದಕ್ಕೆ ಸಿಗುತ್ತೆ.

ಹಾಗಾದರೆ ಹೊಸದು ಬರೀ ಶೋಕಿಯಾ? ಇಲ್ಲ. ಹಳೇದರ ಪಾಪವನ್ನೂ ಹೇಳಬೇಕು. ಹಳೇ ಟೂ ಸ್ಟ್ರೋಕಿನಲ್ಲಿ ಹಾಕಿದ ಪೆಟ್ರೋಲಿನ ಕಾಲು ಭಾಗದಷ್ಟು ಉರಿಯದೇ ಹೊಗೆ ಕೊಳವೆಯಿಂದ ಆಚೆ ಹೋಗಿಬಿಡುತ್ತೆ. ಪೆಟ್ರೋಲನ್ನ ವಿಮಾನದಲ್ಲೋ ದೋಣಿಯಲ್ಲೋ ತರಿಸಿಕೊಳ್ಳೋ ಊರಲ್ಲಿ ಅದು ಸಣ್ಣ ನಷ್ಟ ಅಲ್ಲ. ದಿನವಿಡೀ ಹಿಂಡಿನ ಹಿಂದೆ ಹೋಗೋನ ಮೂಗು, ಬಟ್ಟೆ ಎಲ್ಲಾ ಎಣ್ಣೆ ಹೊಗೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಸಾಲುಗಟ್ಟಿ ಬರೋ ಸ್ನೋಮೊಬೈಲುಗಳ ಹೊಗೆ ತಾಳಲಾರದೆ ಗೇಟಿನಲ್ಲಿ ಟಿಕೆಟ್ ಕೊಡೋ ಸಿಬ್ಬಂದಿ 2002ರ ಸುಮಾರಿಗೆ ಮುಖಕ್ಕೆ ಗವಸು ಹಾಕಿಕೊಂಡು ಕೂರೋ ಸ್ಥಿತಿ ಬಂದಿತ್ತು. ಅದೇ 2002ರಲ್ಲಿ ಅಮೆರಿಕ ಸರ್ಕಾರ ಸ್ನೋಮೊಬೈಲ್ ಹೊಗೆಗೆ ಮಿತಿ ಹಾಕಿತು, 2006ರ ಮಾಡೆಲ್ಲಿನಿಂದ ಹಂತ ಹಂತವಾಗಿ ಜಾರಿ ಆಯಿತು.

ಅಲ್ಲಿಂದ ಗಾಡಿಯ ಒಳಗೆ ಬಹಳ ಬದಲಾಯಿತು. ಯಮಹಾ 2003ರ ಮಾಡೆಲ್ಲಾಗಿ ಆರ್‌ಎಕ್ಸ್-1 ಅನ್ನೋ ಫೋರ್ ಸ್ಟ್ರೋಕ್ ಗಾಡಿ ತಂತು. ಅದೇ ವರ್ಷ ಸ್ಕಿಡೂ ತನ್ನ ರೆವ್ ಗಾಡಿಯಲ್ಲಿ ಸವಾರ ಕೂರೋ ಜಾಗವನ್ನೇ ಮುಂದಕ್ಕೆ ತಂದಿತು. ಏರುತಗ್ಗಿನಲ್ಲಿ ಬೆನ್ನಿಗೆ ಬೀಳೋ ಪೆಟ್ಟು ಕಮ್ಮಿ ಆಯಿತು. 2009ರ ಮಾಡೆಲ್ಲಿಗೆ ಇ-ಟೆಕ್ ಅನ್ನೋ ಎಂಜಿನ್ ಬಂತು. ಅದು ಟೂ ಸ್ಟ್ರೋಕೇ, ಆದರೆ ಪೆಟ್ರೋಲನ್ನ ಕಂಪ್ಯೂಟರ್ ಅಳೆದು ಸರಿಯಾದ ಕ್ಷಣಕ್ಕೆ ಸಿಲಿಂಡರಿನೊಳಗೇ ಸಿಂಪಡಿಸುತ್ತೆ. ಹೊಗೆ ಹೋಯಿತು, ಪೆಟ್ರೋಲ್ ಉಳೀತು, ಎಣ್ಣೆ ಖರ್ಚೂ ಇಳೀತು. 2018ರ ಮಾಡೆಲ್ಲಿನಿಂದ ಕೆಲವು ಗಾಡಿಗಳಲ್ಲಿ ಬ್ಯಾಟರಿ ಬದಲು ಕೆಪಾಸಿಟರ್ ಇಟ್ಟು ಗುಂಡಿ ಒತ್ತಿದರೆ ಸ್ಟಾರ್ಟ್ ಆಗೋ ಏರ್ಪಾಡು ಬಂತು. ದಿನದ ಮೊದಲ ಸಲ ಮಾತ್ರ ಹಗ್ಗ ಎಳೀಬೇಕು. ವಯಸ್ಸಾದವರಿಗೆ, ಭುಜದ ನೋವಿರೋರಿಗೆ ಇದು ಎಂಥ ಉಪಕಾರ ಅಂತ ವೀಡ್ ಕಟರಿನ ಹಗ್ಗ ಎಳೆದವರಿಗೆ ಹೇಳಬೇಕಾಗಿಲ್ಲ.

ಹೊಸ ಗಾಡಿ ಕೆಡೋದೂ ಕಮ್ಮಿ. ಆದರೆ ಕೆಟ್ಟರೆ? ಒಂದು ಸೆನ್ಸರ್ ಸುಳ್ಳು ಹೇಳಿದರೆ ಕಂಪ್ಯೂಟರ್ ಎಂಜಿನ್ನನ್ನ ನಿಧಾನ ಮಾಡಿಬಿಡುತ್ತೆ. ಅದನ್ನ ಓದೋಕೆ ಡೀಲರ್ ಹತ್ತಿರ ಇರೋ ಉಪಕರಣ ಬೇಕು, ಡೀಲರ್ ಇರೋದು ವಿಮಾನ ಹತ್ತಿ ಹೋಗಬೇಕಾದ ಊರಲ್ಲಿ. ಗಾಡಿ ಒಂದು ಗಂಟೆಯಲ್ಲಿ ಕರೆದೊಯ್ದ ದೂರವನ್ನ ಮನುಷ್ಯ ಒಂದು ದಿನದಲ್ಲಿ ನಡೆದು ಬರಲಾರ, ಅದೂ ಮೊಣಕಾಲುದ್ದ ಹಿಮದಲ್ಲಿ, ಮಧ್ಯಾಹ್ನಕ್ಕೇ ಕತ್ತಲಾಗೋ ಡಿಸೆಂಬರಿನಲ್ಲಿ. ಅಲ್ಲಿನವರು ಗಾಡಿಯನ್ನ ಅಳೆಯೋದು ಕೆಟ್ಟು ನಿಂತ ಜಾಗದಿಂದ ಮನೆಗಿರೋ ದೂರದ ಮೇಲೆ. ಹಳೇದರ ಮೇಲಿನ ನಂಬಿಕೆಗೆ ಕಾರಣ ವಯಸ್ಸಲ್ಲ. ಹಳೇದೂ ಕೆಡುತ್ತೆ, ಹೊಸದಕ್ಕಿಂತ ಹೆಚ್ಚೇ ಕೆಡುತ್ತೆ. ಆದರೆ ಅದು ಏನು ಕೆಟ್ಟಿದೆ ಅನ್ನೋದನ್ನ ಮುಚ್ಚಿಡಲ್ಲ, ರಿಪೇರಿಯ ವಿದ್ಯೆ ಸವಾರನ ಕೈಯಲ್ಲೇ ಇರುತ್ತೆ.

ಕಂಪನಿಗಳಿಗೂ ಇದು ಗೊತ್ತಿತ್ತು. ಇಲ್ಲದಿದ್ದರೆ ಪಕ್ಕದಲ್ಲೇ ಹೆಚ್ಚು ಕುದುರೆಬಲದ ಹೊಸ ಗಾಡಿ ಮಾಡ್ತಾ ಎಲಾನ್‌ನಂಥದ್ದನ್ನ ಇಪ್ಪತ್ತೈದು ವರ್ಷ ಯಾರು ಮಾಡ್ತಾರೆ? ಬೇಡಿಕೆ ಇತ್ತು, ಮಾಡಿದರು.

ಹೊಸದರ ಬಗ್ಗೆ ಇನ್ನೊಂದು ಅಳುಕೂ ಈಚೆಗೆ ಸೇರಿಕೊಂಡಿದೆ. 1968ರಿಂದ ಸ್ನೋಮೊಬೈಲ್ ಮಾಡ್ತಿದ್ದ ಯಮಹಾ ತಾನು ಈ ವ್ಯಾಪಾರ ಬಿಡ್ತೀನಿ, 2025ರ ಮಾಡೆಲ್ಲೇ ಕೊನೆ ಅಂತ 2023ರಲ್ಲಿ ಹೇಳಿತು. ಆರ್ಕ್ಟಿಕ್ ಕ್ಯಾಟ್ 2017ರಲ್ಲಿ ಒಂದು ದೊಡ್ಡ ಕಂಪನಿಯ ಕೈಗೆ ಹೋಗಿ, 2024ರ ಕೊನೆಗೆ ತಯಾರಿ ನಿಲ್ಲಿಸೋ ಮಾತು ಬಂದು, 2025ರಲ್ಲಿ ಮತ್ತೆ ಕೈ ಬದಲಾಯಿತು. ನೂರಕ್ಕೂ ಹೆಚ್ಚಿದ್ದ ಕಂಪನಿಗಳು ಈಗ ಬೆರಳೆಣಿಕೆ. ಹಳೇ ಗಾಡಿಗೆ ಕಂಪನಿ ಮುಚ್ಚಿದರೂ ಲೇತ್ ಮೆಷಿನ್ನಿನವನು ಏನಾದರೂ ಮಾಡಿಕೊಟ್ಟಾನು. ಕಂಪ್ಯೂಟರ್ ಪೆಟ್ಟಿಗೆ ಸತ್ತರೆ ಅವನೇನು ಮಾಡ್ತಾನೆ?

ಹಾಗಂತ ಎಲ್ಲರೂ ಹಳೇದಕ್ಕೇ ಅಂಟಿಕೊಂಡು ಕೂತಿಲ್ಲ. ದಿನಕ್ಕೆ ಹತ್ತಾರು ಗಂಟೆ ಗಾಡಿಯ ಮೇಲಿರೋ ಸಾರಂಗ ಸಾಕೋರಲ್ಲಿ ಹಲವರು ಹೊಸ ಫೋರ್ ಸ್ಟ್ರೋಕಿಗೆ ಹೋಗಿದ್ದಾರೆ. ಉಳಿದ ಪೆಟ್ರೋಲೇ ಸಾಲದ ಕಂತಿಗೆ ಸ್ವಲ್ಪ ಆಗುತ್ತೆ. ಅದರಲ್ಲಿ ಜಾಣರು ದಿನದ ದುಡಿಮೆಗೆ ಹೊಸದು, ಹಿಂದೆ ಶೆಡ್ಡಿನಲ್ಲಿ ಓಡೋ ಸ್ಥಿತಿಯಲ್ಲಿ ಹಳೇದು ಇಟ್ಟುಕೊಳ್ತಾರೆ. ದೂರ ಹೋಗೋವಾಗ ಒಬ್ಬರೇ ಹೋಗಲ್ಲ, ಎರಡು ಗಾಡಿ ಹೋಗುತ್ತೆ. ಒಂದು ನಿಂತರೆ ಇನ್ನೊಂದು ಎಳೆದು ತರುತ್ತೆ. ಎರಡು ಇಡೋ ಶಕ್ತಿ ಇಲ್ಲದವನಿಗೆ ಮಾತ್ರ ನಿಜವಾದ ಧರ್ಮಸಂಕಟ, ಆವತ್ತು ಸ್ಕೋಲ್ಟ್ ಜನರಲ್ಲಿ ಚಿಕ್ಕ ಹಿಂಡಿನವನಿಗೆ ಆದ ಹಾಗೆ.

ನಮ್ಮ ಕಡೆಗೆ ಬರೋಣ. ಮೈಸೂರಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿ ಬೈಕುಗಳದ್ದೂ ಟೂ ಸ್ಟ್ರೋಕೇ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು, ಗಾಡಿಗಳು ಇನ್ನೂ ಓಡ್ತಿವೆ. ಯಮಹಾ ಆರ್‌ಎಕ್ಸ್ 100 ನಿಂತು ಮೂವತ್ತು ವರ್ಷ ಆಗ್ತಾ ಬಂತು, ಚೆನ್ನಾಗಿರೋದಕ್ಕೆ ಹೊಸ ಬೈಕಿನ ರೇಟು ಹೇಳ್ತಾರೆ. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಶೋಕಿ ಇರಬಹುದು. ಬೈಕ್ ಕೆಟ್ಟರೆ ಬಸ್ಸಿದೆ. ಆದರೆ ಟಿಲ್ಲರ್ ವಿಷಯ ಹಾಗಲ್ಲ. ನಾಟಿಗೆ ಗದ್ದೆಯಲ್ಲಿ ನೀರು ನಿಂತಿದೆ, ಆಳು ಹೇಳಿಯಾಗಿದೆ, ಆ ಮೂರು ದಿನದಲ್ಲಿ ಯಂತ್ರ ನಿಂತರೆ ನಮ್ಮ ಹಿಮ ಅದೇ. ಔಷಧಿ ಹೊಡೆಯೋ ಮೋಟಾರ್ ಮಳೆ ಬಿಟ್ಟ ನಾಲ್ಕು ದಿನದಲ್ಲಿ ಕೈಕೊಟ್ಟರೆ ಕೊಳೆರೋಗ ಕಾಯುತ್ತಾ?

ಅದಕ್ಕೇ ಇಷ್ಟು ಓದಿದ ಮೇಲೆ ನಾನು ನನ್ನ ಮಟ್ಟಿಗೆ ನಾಲ್ಕು ಪ್ರಶ್ನೆ ಬರೆದಿಟ್ಟುಕೊಂಡಿದ್ದೀನಿ. ಯಂತ್ರ ತರೋ ಮೊದಲು ಇವನ್ನ ಕೇಳಿಕೊಳ್ಳೋದು.

ಒಂದು, ಇದು ಕೆಟ್ಟರೆ ಮೊದಲ ಹತ್ತು ನಿಮಿಷ ನಾನೇ ಏನು ನೋಡಬಹುದು? ಏನೂ ಇಲ್ಲ ಅನ್ನೋದಾದರೆ ಮೆಕ್ಯಾನಿಕ್ ಎಷ್ಟು ದೂರ, ಕೆಲಸದ ಸೀಸನ್ನಿನಲ್ಲಿ ಅವನು ಬರ್ತಾನಾ?

ಎರಡು, ನಮ್ಮೂರಲ್ಲಿ ಇದೇ ಮಾಡೆಲ್ ಇನ್ನೆಷ್ಟು ಮನೆಯಲ್ಲಿದೆ?

ಮೂರು, ಹಳೇದು ಕುಡಿಯೋ ಎಣ್ಣೆ, ನನ್ನ ಮೈಗೆ ಕೊಡೋ ನಡುಕ, ಹೊಗೆ, ಇದನ್ನೂ ದುಡ್ಡಿನಲ್ಲಿ ಲೆಕ್ಕ ಹಾಕಿದ್ದೀನಾ? ಹಳೇದು ಪುಕ್ಕಟೆ ಓಡ್ತಿದೆ ಅನ್ನೋದು ಭ್ರಮೆ.

ನಾಲ್ಕು, ಹಳೇದನ್ನ ಕೊಡೋದರಿಂದ ಯಂತ್ರದ ಜೊತೆ ಇನ್ನೇನು ಹೋಗುತ್ತೆ? ನನ್ನ ಮಗನಿಗೆ ಸ್ಪಾನರ್ ಹಿಡಿಯೋಕೆ ಕಲಿಸಿದ್ದು ಆ ಹಳೇ ಟಿಲ್ಲರ್ರೇ.

ಈ ನಾಲ್ಕಕ್ಕೂ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಬರುತ್ತೆ. ರಸ್ತೆ ಪಕ್ಕದ ಗದ್ದೆಯವನಿಗೆ ಹೊಸದು ಸರಿ ಇರಬಹುದು, ಹಳ್ಳ ದಾಟಿ ಗುಡ್ಡ ಹತ್ತೋ ತೋಟದವನಿಗೆ ಹಳೇದೇ ಸರಿ ಇರಬಹುದು. ನಿಮ್ಮಲ್ಲಿ ಇಪ್ಪತ್ತು ವರ್ಷ ದಾಟಿದ ಟಿಲ್ಲರ್, ಪಂಪ್ ಸೆಟ್, ಸ್ಪ್ರೇಯರ್ ಇನ್ನೂ ದುಡೀತಿದ್ದರೆ ಯಾವ ಮಾಡೆಲ್, ಯಾವ ಪಾರ್ಟ್ ಸಿಗೋದು ಕಷ್ಟ ಅಂತ ಬರೀರಿ. ಹೊಸದು ತಗೊಂಡು ನೆಮ್ಮದಿಯಾಗಿರೋರೂ ಬರೀರಿ. ಒಬ್ಬರ ಶೆಡ್ಡಿನ ಗುಜರಿ ಇನ್ನೊಬ್ಬರಿಗೆ ಬೇಕಾಗಿರುತ್ತೆ.